ಬೆಣ್ಣೆಹಳ್ಳದ ದಂಡೆಯ ಯಮನೂರು

ನಮ್ಮ ಸಾಲೆಗಳಲ್ಲಿ ಭೂಗೋಳದ ಪಾಠವು ದೂರದಿಂದ ಮೊದಲಾಗುವದು. ಗಂಗೆಯು ಗಂಗೋತ್ರಿಯಲ್ಲಿ ಹುಟ್ಟುವಳೆಂದೂ, ಲಂಡನ್ ಪಟ್ಟಣವು ಥೇಮ್ಸ್ ನದಿಯ ಮೇಲಿರುವದೆಂದೂ ಮಕ್ಕಳು ಕಂಠಪಾಠವಾಗಿ ಹೇಳುವರು. ತಮ್ಮೂರ ಹೊಲಗಳ ನಡುವೆ ಹರಿಯುವ ಹಳ್ಳದ ಉಗಮವಾವುದೆಂದು ಕೇಳಿದರೆ ಮಾತ್ರ ಒಬ್ಬರ ಮುಖವನ್ನೊಬ್ಬರು ನೋಡುವರು. ನವಲಗುಂದ ಸೀಮೆಯ ಸಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಅಕ್ಷರ ಕಲಿಸಿದ ನಾನೂ ಈ ದೋಷಕ್ಕೆ ಹೊರತಾದವನಲ್ಲ. ಒಂದು ದಿನ ಐದನೆಯ ಇಯತ್ತೆಯ ಹುಡುಗನೊಬ್ಬನು ಪಾಠದ ನಡುವೆ ಎದ್ದು ನಿಂತು, “ಗುರುಗಳ, ನಮ್ಮ ಬೆಣ್ಣಿಹಳ್ಳ ಎಲ್ಲಿ ಹುಟ್ಟತೈತ್ರಿ?” ಎಂದು ಕೇಳಿದನು. ರಘುವಂಶದ ಸರ್ಗಗಳನ್ನು ಬಾಯಿಪಾಠ ಒಪ್ಪಿಸಬಲ್ಲ ನನಗೆ ಆ ಪ್ರಶ್ನೆಯ ಉತ್ತರ ತಿಳಿದಿರಲಿಲ್ಲ. “ನಾಳೆ ಹೇಳುವೆನು, ಕುಳಿತುಕೋ” ಎಂದೆನು. ಆ ಹುಡುಗನ ಸಾಲದ ತೀರಿಕೆಗಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಸ್ಕಾಟ್ಲಂಡ ದೇಶದಲ್ಲಿ ಸರ್ ಜಾನ್ ಸಿಂಕ್ಲೇರ್ ಎಂಬ ಗೃಹಸ್ಥನು ಒಂದು ವಿಚಿತ್ರ ಕಾರ್ಯವನ್ನು ಮಾಡಿದನು. ಅವನು ನೂರರವತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿ ಆ ದೇಶದ ಪ್ರತಿಯೊಂದು ಗ್ರಾಮಸೀಮೆಯ ಪಾದ್ರಿಗೂ ಕಳುಹಿದನು. ನಿಮ್ಮೂರ ಮಣ್ಣು ಎಂಥದು? ನೀರು ಎಲ್ಲಿಯದು? ಜನರು ಏನು ಉಣ್ಣುವರು? ಯಾವ ರೋಗಗಳಿಂದ ನರಳುವರು? ಯಾವ ಕಥೆಗಳನ್ನು ಹೇಳುವರು? ಪಾದ್ರಿಗಳು ಬರೆದು ಕಳುಹಿದ ಉತ್ತರಗಳು 1791ರಿಂದ 1799ರ ವರೆಗೆ 21 ಸಂಪುಟಗಳಾಗಿ ಪ್ರಕಟವಾದವು. ಹತ್ತಾರು ಮನೆಗಳ ಕುಗ್ರಾಮಕ್ಕೂ ಅಲ್ಲಿ ತನ್ನದೆಂಬ ಚರಿತ್ರೆಯುಂಟು. ನಮ್ಮ ಹಳ್ಳಿಗಳಿಗೆ ಅಂಥ ಪ್ರಶ್ನೆಗಳನ್ನು ಕೇಳಿದವರು ಕಂದಾಯದ ಅಧಿಕಾರಿಗಳು. ಅವರಿಗೆ ಬೇಕಾದುದು ಹೊಲದ ಅಳತೆ ಮತ್ತು ತೀರುವೆಯ ಮೊತ್ತ. ಅನ್ನ ಬೆಂದಿತೋ ಇಲ್ಲವೋ ಎಂಬುದನ್ನರಿಯಲು ಪಾತ್ರೆಯೊಳಗಿನ ಒಂದು ಅಗುಳನ್ನು ಹಿಚುಕಿ ನೋಡಿದರೆ ಸಾಕು. ಇದಕ್ಕೆ ಶಾಸ್ತ್ರಕಾರರು ಸ್ಥಾಲೀಪುಲಾಕನ್ಯಾಯವೆಂದು ಹೆಸರಿಟ್ಟಿರುವರು. ನಮ್ಮ ಬಯಲುಸೀಮೆಯೆಂಬ ಪಾತ್ರೆಯಿಂದ ನಾನು ತೆಗೆದುಕೊಂಡ ಅಗುಳು ಯಮನೂರು.

ಹುಬ್ಬಳ್ಳಿಯಿಂದ ನವಲಗುಂದ, ನರಗುಂದಗಳ ಮೇಲೆ ವಿಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಪ್ರಯಾಣ ಮಾಡಿದವರು ಈ ಊರ ಹೆಸರನ್ನು ಓದಿ ನಕ್ಕಿರಬಹುದು. ಯಮನ ಊರಿಗೆ ಟಿಕೀಟು ಕೇಳುವವರಾರು! ನವಲಗುಂದಕ್ಕೆ ಎರಡು ಹರದಾರಿಗಿಂತ ಕಡಿಮೆ ದೂರದಲ್ಲಿ, ಬೆಣ್ಣೆಹಳ್ಳದ ದಂಡೆಯ ಮೇಲೆ ಈ ಗ್ರಾಮವಿದೆ. ಪುರಾಣಗಳು ಯಮನ ಪಟ್ಟಣಕ್ಕೆ ಸಂಯಮನಿಯೆಂದು ಹೆಸರು ಹೇಳುವವು. ಅದರ ದಾರಿಯಲ್ಲಿ ವೈತರಣಿಯೆಂಬ ನದಿಯನ್ನು ದಾಟಬೇಕಾಗುವದು. ನಮ್ಮ ಯಮನೂರಿಗೂ ಒಂದು ಹಳ್ಳವಿದ್ದು, ಮಳೆಗಾಲದಲ್ಲಿ ಅದನ್ನು ದಾಟುವದು ವೈತರಣಿಯನ್ನು ದಾಟಿದಷ್ಟೇ ಕಠಿಣ. ಆದರೆ ‘ಯಮ’ ಶಬ್ದಕ್ಕೆ ಹಿಡಿತ, ಸಂಯಮ ಎಂಬ ಅರ್ಥವೂ ಉಂಟೆಂಬುದನ್ನು ಮರೆಯಬಾರದು. ಯೋಗದ ಎಂಟು ಅಂಗಗಳಲ್ಲಿ ಮೊದಲನೆಯದು ಯಮ. ಇನ್ನೊಬ್ಬರದನ್ನು ಕದಿಯದಿರುವದೂ, ಬೇಕಾದುದಕ್ಕಿಂತ ಹೆಚ್ಚು ಕೂಡಿಡದಿರುವದೂ ಅದರಲ್ಲಿ ಸೇರಿವೆ. ನೀರಿನ ಕಥೆಯನ್ನು ಹೇಳಹೊರಟವನಿಗೆ ಈ ಎರಡನೆಯ ಅರ್ಥವೇ ಹೆಚ್ಚು ಉಪಯೋಗಕ್ಕೆ ಬರುವದು.

ಊರ ಸುತ್ತಲೂ ಕಣ್ಣು ಹರಿಯುವಷ್ಟು ದೂರ ಯರಿಯ ಭೂಮಿ. ನಡುನಡುವೆ ಒಂದೊಂದು ಬೇವು, ಜಾಲಿಗಳನ್ನು ಬಿಟ್ಟರೆ ಗಿಡದ ನೆರಳು ವಿರಳ. ಈ ಕರಿಮಣ್ಣು ಬೇಸಗೆಯಲ್ಲಿ ಕಾಲು ಸಿಲುಕುವಷ್ಟು ಅಗಲವಾಗಿ ಬಿರಿಯುವದು. ಒಂದು ಮಳೆಯಾದರೆ ಚಕ್ಕಡಿಯ ಗಾಲಿಗೆ ಅಂಟಿ ಎತ್ತುಗಳನ್ನು ಸೋಲಿಸುವದು. ವರ್ಷಕ್ಕೆ ಬೀಳುವ ಮಳೆ ಸುಮಾರು 22ರಿಂದ 24 ಅಂಗುಲ. ಆದರೂ ಒಮ್ಮೆ ಕುಡಿದ ನೀರನ್ನು ಯರಿಯು ತಿಂಗಳುಗಟ್ಟಲೆ ಒಡಲಲ್ಲಿಟ್ಟುಕೊಳ್ಳುವದು. ಆದುದರಿಂದಲೇ ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆ, ಗೋದಿ, ಹತ್ತಿಗಳು ಇಬ್ಬನಿಯ ತಂಪಿನಲ್ಲಿಯೇ ಬೆಳೆದು ನಿಲ್ಲುವವು. ಪೂರ್ವಕಾಲದಲ್ಲಿ ಅಣ್ಣಿಗೇರಿಯನ್ನು ರಾಜಧಾನಿಯಾಗಿ ಉಳ್ಳ ಈ ಪ್ರದೇಶಕ್ಕೆ ಬೆಳ್ವೊಲ ಮುನ್ನೂರೆಂಬ ಹೆಸರಿತ್ತು. ಬೆಳೆದ ಹೊಲಗಳ ನಾಡೆಂದು ವಿದ್ವಾಂಸರು ಅದಕ್ಕೆ ಅರ್ಥ ಹೇಳಿರುವರು. ಪುಷ್ಯಮಾಸದಲ್ಲಿ ಈ ಬಯಲನ್ನು ಕಂಡವರಿಗೆ ಆ ಅರ್ಥದ ವಿಷಯದಲ್ಲಿ ಸಂಶಯವುಳಿಯದು.

ಇನ್ನು ಆ ಹುಡುಗನ ಪ್ರಶ್ನೆಗೆ ಬರುವೆನು. ಬೆಣ್ಣೆಹಳ್ಳವು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ದುಂಡಶಿಯ ಬಳಿಯಲ್ಲಿ ಹುಟ್ಟುವದು. ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲೂಕುಗಳ ಕರಿಭೂಮಿಯನ್ನು ಹಾದು, ರೋಣ ತಾಲೂಕಿನ ಮೆಣಸಗಿಯ ಬಳಿಯಲ್ಲಿ ಮಲಪ್ರಭೆಯನ್ನು ಕೂಡುವದು. ಈ ಸೀಮೆಯಲ್ಲಿಯೇ ತುಪ್ಪರಿಹಳ್ಳವೆಂಬ ಇನ್ನೊಂದು ಹಳ್ಳವೂ ಇದೆ. ಬೆಣ್ಣೆ, ತುಪ್ಪಗಳ ಹೆಸರಿಟ್ಟ ಹಿರಿಯರು ವಿನೋದಪ್ರಿಯರೋ ಆಶಾವಾದಿಗಳೋ! ಧಾರವಾಡವು ನೀರಿನ ಪಾಲುಗಾರಿಕೆಯ ಊರು: ಅಲ್ಲಿ ಹುಟ್ಟುವ ಶಾಲ್ಮಲೆಯು ಬೇಡ್ತಿಯನ್ನು ಕೂಡಿ, ಗಂಗಾವಳಿಯೆಂಬ ಹೆಸರಿನಿಂದ ಪಡುವಣ ಕಡಲಿಗೆ ಹೋಗುವದು. ಅದಕ್ಕೆ ತುಸುವೇ ಮೂಡಲಿನಲ್ಲಿ ಬಿದ್ದ ಮಳೆಯು ಬೆಣ್ಣೆಹಳ್ಳಕ್ಕಿಳಿದು, ಮಲಪ್ರಭೆ, ಕೃಷ್ಣೆಯರ ಕೈಹಿಡಿದು ಮೂಡಣ ಕಡಲನ್ನು ಸೇರುವದು. ಒಂದೇ ಮೋಡದ ಎರಡು ಹನಿಗಳು ಎರಡು ಸಮುದ್ರಗಳ ಪಾಲಾಗುವವು. ವಾಚಕರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಯಮನೂರಿನ ಇತ್ತೀಚಿನ ದುಃಖವು ಇಂಥ ಒಂದು ದಿಬ್ಬದಿಂದಲೇ ಹುಟ್ಟಿದೆ.

ಹಳ್ಳವು ಬಾಗಿಲಲ್ಲಿದ್ದರೂ ಬಾಯಿಗೆ ನೀರಿಲ್ಲವೆಂಬುದು ಇಲ್ಲಿಯ ಹಳೆಯ ಸಂಕಟ. ಯರಿಯ ನಾಡಿನಲ್ಲಿ ಬಾವಿ ತೋಡಿದರೆ ಬಹಳ ಕಡೆ ಸವಳು ನೀರೇ ಸಿಗುವದು; ಬೇಳೆ ಬೇಯದು, ಸಾಬೂನು ನೊರೆಯಾಗದು. ಕೆರೆಯ ನೀರನ್ನು ಸೋಸಿ ಕುಡಿಯುವದು ಈ ಸೀಮೆಯ ಪದ್ಧತಿ. ನನ್ನ ಬಾಲ್ಯದಲ್ಲಿ ಹೆಣ್ಣು ಕೊಡುವವರು ಹೊಲವೆಷ್ಟೆಂದು ಕೇಳಿದ ಮೇಲೆ ಕೆರೆ ಎಷ್ಟು ದೂರವೆಂದು ತಪ್ಪದೆ ಕೇಳುತ್ತಿದ್ದರು. ಮಗಳ ತಲೆಯ ಮೇಲಿನ ಕೊಡವು ಆ ತಾಯಂದಿರಿಗೆ ಮೊದಲೇ ಕಾಣಿಸುತ್ತಿದ್ದಿತು.

ಇಂಥ ಊರಿಗೆ ನಾಡಿನ ಮೂಲೆಮೂಲೆಗಳಿಂದ ಜನರು ಬರುವದೇಕೆ? ಇಲ್ಲಿಯ ದರ್ಗಾದ ಸಲುವಾಗಿ. ಮುಸಲ್ಮಾನರು ಅಲ್ಲಿಯ ಸಂತನನ್ನು ರಾಜಾಬಾಗಸವಾರನೆಂದು ಕರೆಯುವರು; ಹಿಂದುಗಳು ಚಾಂಗದೇವನೆನ್ನುವರು. ಚಾಂಗದೇವನ ಕಥೆಯನ್ನು ಮರಾಠಿ ಸಂತರ ಚರಿತ್ರೆಗಳು ಹೇಳುವವು. ಯೋಗಬಲದಿಂದ 1400 ವರ್ಷ ಬದುಕಿದ್ದ ಆ ಮಹಾಪುರುಷನು ಬಾಲಯೋಗಿಯಾದ ಜ್ಞಾನದೇವನನ್ನು ಕಾಣಲು ಹುಲಿಯನ್ನೇರಿ, ಹಾವನ್ನು ಚಾಟಿಯಾಗಿ ಹಿಡಿದು ಹೊರಟನಂತೆ. ಗೋಡೆಯ ಮೇಲೆ ಕುಳಿತಿದ್ದ ಜ್ಞಾನದೇವನು ಗೋಡೆಯನ್ನೇ ನಡೆಯಿಸಿಕೊಂಡು ಎದುರುಗೊಳ್ಳಲು ಬಂದನಂತೆ. ಜೀವವುಳ್ಳುದನ್ನು ನಡೆಯಿಸಿದವನು ಜಡವನ್ನು ನಡೆಯಿಸಿದವನ ಮುಂದೆ ತಲೆಬಾಗಿದನು. ಅವನಿಗೆಂದು ಜ್ಞಾನದೇವನು ಬರೆದ 65 ಓವಿಗಳು ‘ಚಾಂಗದೇವ ಪಾಸಷ್ಟಿ’ಯೆಂದು ಇಂದಿಗೂ ಪಠಿತವಾಗುತ್ತಿವೆ.

ಶಬ್ದಗಳ ಮೂಲವನ್ನು ಕೆದಕುವದು ಸಂಸ್ಕೃತ ಮಾಸ್ತರನ ಹಳೆಯ ಚಟ, ವಾಚಕರು ಮನ್ನಿಸಬೇಕು. ಬಾಗಸವಾರನೆಂದರೆ ಹುಲಿಯ ಸವಾರ. ‘ಬಾಘ’ ಎಂಬುದು ನಮ್ಮ ‘ವ್ಯಾಘ್ರ’ವೇ ಪ್ರಾಕೃತದಲ್ಲಿ ಸವೆದು ಬಂದ ರೂಪ. ‘ಸವಾರ’ವು ಪಾರಸಿ ಶಬ್ದ, ಅದರ ಪ್ರಾಚೀನ ರೂಪವಾದ ‘ಅಸಬಾರ’ದಲ್ಲಿ ಕುದುರೆಯೆಂಬರ್ಥದ ಶಬ್ದವಿದ್ದು, ಅದು ನಮ್ಮ ‘ಅಶ್ವ’ದ ಒಡಹುಟ್ಟು. ಹೀಗೆ ಆ ಒಂದು ಹೆಸರಿನಲ್ಲಿ ಸಂಸ್ಕೃತವೂ ಪಾರಸಿಯೂ ಒಂದೇ ವಾಹನವನ್ನೇರಿ ಕುಳಿತಿವೆ! ಇನ್ನೊಂದು ಸೋಜಿಗವನ್ನು ನೋಡಿರಿ. ಮುಸಲ್ಮಾನರ ಪಂಚಾಂಗದಲ್ಲಿ ಅಧಿಕಮಾಸವಿಲ್ಲ. ಆದುದರಿಂದ ಅವರ ಹಬ್ಬಗಳು ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತುವವು. ಯಮನೂರಿನ ಉರುಸು ಮಾತ್ರ ಹೋಳಿಹುಣ್ಣಿಮೆಯಾದ ಐದನೆಯ ದಿನ, ರಂಗಪಂಚಮಿಗೆ ಕಟ್ಟುಬಿದ್ದಿದೆ. ನವಲಗುಂದದಲ್ಲಿ ರಾಮಲಿಂಗ ಕಾಮಣ್ಣನಿಗೆ ಹರಕೆಯೊಪ್ಪಿಸಿದ ಜನರು ಬಣ್ಣದ ಕಲೆ ಆರುವ ಮೊದಲೇ ಇಲ್ಲಿಗೆ ಬಂದು ಸಕ್ಕರೆ ಓದಿಸುವರು. ಇದನ್ನು ಯಾರೂ ಕೂಡಿಸಿ ಕಲಿಸಿದುದಲ್ಲ. ಅವರ ಅಜ್ಜಿಯರು ಹಾಗೆ ಮಾಡುತ್ತಿದ್ದರು, ಅವರೂ ಮಾಡುವರು.

ಬೆಣ್ಣೆಹಳ್ಳದಲ್ಲಿ ಮಿಂದರೆ ಚರ್ಮದ ರೋಗಗಳು ವಾಸಿಯಾಗುವವೆಂಬ ನಂಬಿಗೆ ಬಹುಕಾಲದ್ದು. ಮಿಂದು, ಒದ್ದೆ ಬಟ್ಟೆಯಲ್ಲಿಯೇ ದೀಡನಮಸ್ಕಾರ ಹಾಕುತ್ತ ದರ್ಗಾಕ್ಕೆ ಹೋಗುವ ಭಕ್ತರನ್ನು ಪ್ರತಿವರ್ಷವೂ ಕಾಣಬಹುದು. ನನ್ನ ಏಳೆಂಟು ವರ್ಷದ ಪ್ರಾಯದಲ್ಲಿ, 1972–73ರ ದೊಡ್ಡ ಬರಗಾಲದಲ್ಲಿ, ನನ್ನ ಮೈಯೆಲ್ಲ ಕಜ್ಜಿಯೆದ್ದುದರಿಂದ ನನ್ನ ತಾಯಿಯು ಹರಕೆ ಹೊತ್ತು ನನ್ನನ್ನು ಇಲ್ಲಿಗೆ ನಡೆಯಿಸಿಕೊಂಡು ಬಂದಳು. ಹಳ್ಳವು ಬತ್ತಿ ಹೋಗಿತ್ತು. ಜನರು ಪಾತ್ರದಲ್ಲಿ ಒರತೆ ತೋಡಿಕೊಂಡು ಬಟ್ಟಲಿನಿಂದ ನೀರು ಮೊಗೆಯುತ್ತಿದ್ದರು. ಸಾಲಿನಲ್ಲಿ ನಿಂತು ನಿಂತು ನಮಗೆ ದೊರೆತುದು ಒಂದು ತಂಬಿಗೆ ನೀರು. ಅರ್ಧವನ್ನು ಆಕೆ ನನ್ನ ತಲೆಯ ಮೇಲೆ ಸುರಿದಳು. ಉಳಿದುದನ್ನು, ನಮ್ಮ ಹಿಂದೆ ಮಗುವನ್ನೆತ್ತಿಕೊಂಡು ನಿಂತಿದ್ದ, ಬುರುಖಾ ತೊಟ್ಟ ಹೆಣ್ಣುಮಗಳ ಕೈಗೆ ಕೊಟ್ಟಳು. “ಆಕಿ ಕೂಸಿಗೂ ಮೈ ಉರಿತಿರತೈತಿ” ಎಂದಷ್ಟೇ ಹೇಳಿದಳು. ಕಜ್ಜಿಯು ಹಳ್ಳದ ನೀರಿನಿಂದ ಹೋಯಿತೋ, ವೈದ್ಯರ ಗಂಧಕದ ಮುಲಾಮಿನಿಂದ ಹೋಯಿತೋ ನಾನು ವಾದಿಸಲಾರೆ. ಆ ಅರ್ಧ ತಂಬಿಗೆ ನೀರಿನಿಂದ ಕಲಿತ ಪಾಠವು ಮಾತ್ರ ನನ್ನಿಂದ ಹೋಗಿಲ್ಲ.

ಇಲ್ಲಿಯ ಉರುಸಿನಲ್ಲಿ ಬೆಣ್ಣೆಹಳ್ಳದ ನೀರನ್ನು ಹಣತೆಗೆರೆದು ದೀಪ ಹಚ್ಚುವ ಪದ್ಧತಿಯುಂಟು. ಎಣ್ಣೆಯಿಲ್ಲದೆ ನೀರಿನಿಂದಲೇ ದೀಪವು ಉರಿಯುವದೆಂದು ಭಕ್ತರ ನಂಬಿಗೆ. ಶಾಸ್ತ್ರೀಯ ಪರೀಕ್ಷೆಯ ಮಾತನ್ನು ಶಾಸ್ತ್ರಜ್ಞರಿಗೆ ಬಿಡೋಣ. ನನಗೆ ತೋರುವದಿಷ್ಟು: ಎಣ್ಣೆಗಿಂತಲೂ ನೀರೇ ದುರ್ಲಭವಾದ ನಾಡು ಇದಲ್ಲದೆ ಬೇರೆ ಯಾವ ಪವಾಡವನ್ನು ಕಲ್ಪಿಸೀತು? ಹೊಸ್ತಿಲ ಮೇಲಿಟ್ಟ ದೀಪವು ಮನೆಯ ಒಳಗನ್ನೂ ಹೊರಗನ್ನೂ ಒಟ್ಟಿಗೆ ಬೆಳಗುವದೆಂದು ನಮ್ಮ ತಾರ್ಕಿಕರು ದೇಹಲೀದೀಪನ್ಯಾಯವನ್ನು ಹೇಳುವರು. ಯಮನೂರಿನ ದೀಪವು ಅಂಥದು. ಯಾರು ಒಳಗಿನವರು, ಯಾರು ಹೊರಗಿನವರು ಎಂದು ಅದು ಕೇಳಿಲ್ಲ.

ಇನ್ನು ಚರಿತ್ರೆಯ ಮಾತು. ಬೆಳ್ವೊಲದ ನಾಡನ್ನು ರಾಷ್ಟ್ರಕೂಟರೂ ಕಲ್ಯಾಣದ ಚಾಲುಕ್ಯರೂ ಆಳಿದರು. ಮುಂದೆ ವಿಜಯನಗರ, ವಿಜಾಪುರದ ಆದಿಲಶಾಹಿ, ಮರಾಠರು, ಹೈದರ–ಟೀಪು ಇವರ ದಂಡುಗಳು ಸರದಿಯಂತೆ ಬಂದುಹೋದವು. 1817–18ರ ಯುದ್ಧದಲ್ಲಿ ಪೇಶವೆಯರ ಆಳಿಕೆ ಮುಗಿದು, ಥಾಮಸ್ ಮನ್ರೋನ ಮುಖಾಂತರ ಈ ಸೀಮೆಯು ಕುಂಪಣಿಯ ಕೈಸೇರಿತು. 1956ರ ನವೆಂಬರ ಒಂದರ ವರೆಗೆ ಅದು ಮುಂಬಯಿಯ ಆಡಳಿತದಲ್ಲಿದ್ದಿತು. ಆದರೆ ಹಳ್ಳಿಯ ಜನರು ಕಾಲವನ್ನು ಅರಸರ ಹೆಸರಿನಿಂದ ಎಣಿಸಲಿಲ್ಲ, ಬರಗಳ ಹೆಸರಿನಿಂದ ಎಣಿಸಿದರು. 1791–92ರ ಬರಕ್ಕೆ ಡೋಗಿ ಬರವೆಂದು ಹೆಸರು; ಹೂಳುವವರಿಲ್ಲದೆ ನೆಲದ ಮೇಲೆ ಬಿದ್ದ ತಲೆಬುರುಡೆಗಳಿಂದ ಬಂದ ಹೆಸರದು. ಸ್ಕಾಟ್ಲಂಡದ ಪಾದ್ರಿಗಳು ತಮ್ಮೂರ ಧಾನ್ಯದ ಲೆಕ್ಕವನ್ನು ಬರೆಯಲು ಕುಳಿತ ವರ್ಷಗಳೇ ಅವು! 2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ತೋಡುವಾಗ ಸಾಲುಸಾಲಾಗಿ ಹೂತ ನೂರಾರು ತಲೆಬುರುಡೆಗಳು ದೊರೆತಾಗ ಅವನ್ನು ಡೋಗಿ ಬರಕ್ಕೆ ಹೊಂದಿಸಿ ಹೇಳಿದವರುಂಟು. 1876–78ರಲ್ಲಿ ಇನ್ನೊಂದು ಮಹಾಕ್ಷಾಮ ಬಂದಿತು. ಈ ಎರಡನೆಯ ಬರಕ್ಕೂ ಮುಂಚೆ, ಅಮೇರಿಕದಲ್ಲಿ 1861ರಿಂದ 1865ರ ವರೆಗೆ ನಡೆದ ಅಂತರ್ಯುದ್ಧದಿಂದ ಹತ್ತಿಯ ಬೆಲೆಯು ಆಕಾಶಕ್ಕೇರಿ ಈ ಯರಿಯ ಒಕ್ಕಲಿಗರ ಕೈಯಲ್ಲಿ ರೊಕ್ಕವಾಡಿತು. ಯುದ್ಧ ಮುಗಿದೊಡನೆ ಬೆಲೆಯೂ ಇಳಿಯಿತು. ದೂರದ ದೇಶದ ಸಮಾಚಾರವು ತನ್ನ ಅಡಿಗೆಮನೆಗೆ ಬರುವದೆಂಬುದನ್ನು ಈ ಸೀಮೆಯು ಅಂದೇ ಕಲಿಯಿತು.

ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, 1970ರ ದಶಕದಲ್ಲಿ ನವಲಗುಂದ, ನರಗುಂದಗಳ ಕಡೆಗೆ ಕಾಲುವೆಗಳನ್ನು ತಂದರು. ಧಾರವಾಡದಲ್ಲಿ ಸಿದ್ಧಪಡಿಸಿದ ವರಲಕ್ಷ್ಮಿಯೆಂಬ ಮಿಶ್ರತಳಿಯ ಹತ್ತಿಯೂ ಆಗಲೇ ಬಂದಿತು. ಬಡತನದ ಕಾಲ ಮುಗಿಯಿತೆಂದು ಜನರು ನಂಬಿದರು. ಆದರೆ ನೀರು ಎಲ್ಲರ ಹೊಲಕ್ಕೂ ಸಮನಾಗಿ ತಲುಪಲಿಲ್ಲ. ನೀರಿನ ಕರ ಮತ್ತು ಭೂಸುಧಾರಣೆಯ ಕರಗಳು ಮಾತ್ರ ತಪ್ಪದೆ ತಲುಪಿದವು. ಹತ್ತಿಯ ಬೆಲೆಯೂ ಕುಸಿಯಿತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ಎದ್ದರು. ಬಂದೂಕುಗಳು ಹಾರಿದವು, ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡರು. ಆ ಬಂಡಾಯದ ಕಿಡಿಯಿಂದ ರಾಜ್ಯದಲ್ಲೆಲ್ಲ ರೈತಚಳವಳಿಯು ಬೆಳೆಯಿತು. 1983ರಲ್ಲಿ ಸರಕಾರವೇ ಬದಲಾಯಿತು. ಜುಲೈ 21ನ್ನು ಈ ಸೀಮೆಯವರು ಹುತಾತ್ಮ ರೈತರ ದಿನವೆಂದು ಆಚರಿಸುವರು.

ಮುಂದೆ ಮಲಪ್ರಭೆಯ ಜಲಾಶಯವೇ ತುಂಬದ ವರ್ಷಗಳು ಬಂದವು. ಆಗ ಜನರ ಕಣ್ಣು ನೀರಿನ ದಿಬ್ಬದ ಆಚೆಗೆ ಹೋಯಿತು. ಖಾನಾಪುರ ತಾಲೂಕಿನ ಅಡವಿಯಲ್ಲಿ ಮಲಪ್ರಭೆಯು ಮೂಡಲಿಗೆ ಹರಿದರೆ, ಮಹಾದಾಯಿಯು ಪಡುವಲಿಗೆ, ಗೋವೆಗೆ ಹರಿಯುವದು. ಆ ಕಡೆಯ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಈಚೆಗೆ ತಿರುಗಿಸಬೇಕೆಂಬುದು ಇಲ್ಲಿಯವರ ಬೇಡಿಕೆ. ತಮ್ಮ ಅಡವಿಯೂ ಸಿಹಿನೀರೂ ಕೆಡುವವೆಂಬುದು ಗೋವೆಯವರ ಆಕ್ಷೇಪ. 2010ರಲ್ಲಿ ನ್ಯಾಯಾಧಿಕರಣವು ರಚಿತವಾಯಿತು. 7.56 ಶತಕೋಟಿ ಘನ ಅಡಿ ನೀರಿಗಾಗಿ ಕರ್ನಾಟಕವು ಸಲ್ಲಿಸಿದ ಮಧ್ಯಂತರ ಬಿನ್ನಹವನ್ನು ಅದು 2016ರ ಜುಲೈ 27ರಂದು ತಳ್ಳಿಹಾಕಿತು. ಸೀಮೆಯೆಲ್ಲ ಕೆರಳಿತು. ಅದರ ಮರುದಿನಗಳಲ್ಲಿ ಪೊಲೀಸರು ಯಮನೂರಿನ ಮನೆಗಳನ್ನು ಹೊಕ್ಕು, ಮುದುಕರು ಹೆಂಗಸರೆನ್ನದೆ ಹೊಡೆದರು. ಬಾಸುಂಡೆಯೆದ್ದ ಬೆನ್ನುಗಳನ್ನೂ ಮುರಿದ ಕದಗಳನ್ನೂ ನಾಡು ದೂರದರ್ಶನದಲ್ಲಿ ಕಂಡಿತು. 2018ರ ಆಗಸ್ಟ 14ರ ತೀರ್ಪಿನಲ್ಲಿ ಮಲಪ್ರಭೆಗೆ ತಿರುಗಿಸಲೆಂದು ದೊರೆತ ನೀರು 3.9 ಶತಕೋಟಿ ಘನ ಅಡಿ. ತೀರ್ಪಾದ ಮೇಲೆಯೂ ಅನುಮತಿ, ತಕರಾರುಗಳಿಂದ ಕೆಲಸವು ವರ್ಷಗಟ್ಟಲೆ ತಡೆಯಿತು. ಆ ಜುಲೈ ತಿಂಗಳ ಮುಂಚೆ ಯಮನೂರಿನ ಹೆಸರು ಜಾತ್ರೆಯ ಸುದ್ದಿಯಲ್ಲಿ ಮಾತ್ರ ಬರುತ್ತಿದ್ದಿತು.

ನೀರಿಲ್ಲವೆಂಬುದು ಒಂದು ದುಃಖವಾದರೆ, ನೀರು ಬಂದಿತೆಂಬುದು ಇನ್ನೊಂದು. ಬಯಲಿನಲ್ಲಿ ಇಳಿಜಾರು ಕಡಿಮೆ. ಹಳ್ಳದ ಪಾತ್ರವು ಹೂಳಿನಿಂದಲೂ ಜಾಲಿಯಿಂದಲೂ ತುಂಬಿದೆ. ಮೇಲಿನ ಸೀಮೆಯಲ್ಲಿ ದೊಡ್ಡ ಮಳೆಯಾದರೆ ಬೆಣ್ಣೆಹಳ್ಳವು ದಂಡೆಯನ್ನು ಬಿಟ್ಟು ಹೊಲಗಳಲ್ಲಿ ನಡೆಯುವದು. 2009ರಲ್ಲಿಯೂ 2019ರ ಆಗಸ್ಟದಲ್ಲಿಯೂ ಈ ದಂಡೆಯ ಸೀಮೆಯಲ್ಲಿ ಹೊಲ, ಮನೆಗಳು ನೀರುಂಡವು. ಇದರ ಮೇಲೆ ಹುಬ್ಬಳ್ಳಿ ನಗರದ ಕೊಳೆನೀರೂ ಈ ಹಳ್ಳದ ಪಾಲಿಗೆ ಬಂದಿದೆ. ಮೈಯ ರೋಗವನ್ನು ಕಳೆಯುವದೆಂದು ನಂಬಿ ಜನರು ಮೀಯುವ ನೀರಿಗೆ ನಾವೇ ರೋಗವನ್ನು ಬೆರಸಿದ್ದೇವೆ.

ಕಳೆದ ಸಲದ ಉರುಸಿಗೆ ನಾನು ಹೋದಾಗ ಹಳ್ಳದ ದಂಡೆಯಲ್ಲಿ ಒಬ್ಬ ಅಜ್ಜಿ ಕುಳಿತಿದ್ದಳು. “ಯವ್ವಾ, ಹಳ್ಳಾ ಹಿಂಗ ಹೊಲಸಾತಲ್ಲ, ಜಳಕಾ ಮಾಡತೀಯೇನು?” ಎಂದು ಕೇಳಿದೆನು. ಆಕೆ ನನ್ನನ್ನು ಒಂದು ಕ್ಷಣ ನೋಡಿ, “ಹೊಲಸ ಮಾಡಿದ್ದು ಹಳ್ಳ ಅಲ್ಲಪಾ, ನಾವು. ಅದರ ಮ್ಯಾಲ ಯಾಕ ಸಿಟ್ಟಾಗ್ಲಿ?” ಎಂದು ಹೇಳಿ, ಮೂರು ಬೆರಳಿನಿಂದ ನೀರನ್ನು ಮುಟ್ಟಿ ತಲೆಗೆ ಒರೆಸಿಕೊಂಡಳು. ನನ್ನ ಶಾಸ್ತ್ರಪಾಠವೆಲ್ಲ ಆ ಉತ್ತರದ ಮುಂದೆ ಸಪ್ಪೆಯಾಯಿತು.

ವಾಚಕ ಬಂಧುಭಗಿನಿಯರೇ, ನಿಮ್ಮ ಊರ ಚರಿತ್ರೆಯನ್ನು ನೀವು ಬರೆಯದಿದ್ದರೆ ಅದನ್ನು ಪರರು ಬರೆಯುವರು. ಕರದ ಪಟ್ಟಿಯಲ್ಲಿ ಒಂದು ಸಾಲು, ನ್ಯಾಯಾಧಿಕರಣದ ಕಾಗದದಲ್ಲಿ ಒಂದು ಅಂಕಿ, ನೆರೆಯ ವರದಿಯಲ್ಲಿ ಮುಳುಗಿದ ಮನೆಗಳ ಎಣಿಕೆ — ಇಷ್ಟೇ ಉಳಿಯುವದು. ಇಂದು ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರನ್ನು ಕೇಳಿರಿ: ನಿಮ್ಮ ಕಾಲದಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತಿದ್ದಿತು? ಯಾವ ಬಾವಿ ಸಿಹಿ, ಯಾವುದು ಸವಳು? ಹಳ್ಳವು ಎಲ್ಲಿಯ ವರೆಗೆ ಏರಿದ್ದಿತು? ಹೇಳಿದುದನ್ನು ಮಕ್ಕಳ ಕೈಯಿಂದ ಒಂದು ವಹಿಯಲ್ಲಿ ಬರೆಯಿಸಿರಿ. ನೀರಿನ ಹಳೆಯ ಗುರುತು ಎಲ್ಲಿಯದೆಂದು ಬಲ್ಲವನು ಅಲ್ಲಿ ಮನೆ ಕಟ್ಟಲಾರನು. ಹಳ್ಳವು ಯಾರ ಮನೆಯ ಮುಂದೆ ಹಾದುಬರುವದೆಂದು ಬಲ್ಲವನು ಅದರಲ್ಲಿ ಹೊಲಸು ಸುರಿಯುವಾಗ ತುಸುವಾದರೂ ಅಳುಕುವನು.

ಅಂದು ಪ್ರಶ್ನೆ ಕೇಳಿದ ಹುಡುಗನು ಈಗ ಒಕ್ಕಲುತನ ಮಾಡಿಕೊಂಡಿದ್ದಾನೆ. ಅವನಿಗೂ ಐದನೆಯ ಇಯತ್ತೆಯಲ್ಲಿ ಓದುವ ಒಬ್ಬ ಮಗಳಿದ್ದಾಳೆ. ಹೋದ ತಿಂಗಳು ಸಂತೆಯಲ್ಲಿ ಭೆಟ್ಟಿಯಾದಾಗ, “ಹಳ್ಳ ಹುಟ್ಟುವದು ದುಂಡಶಿಯಲ್ಲಿ, ತಮ್ಮಾ” ಎಂದು ತಡವಾದ ಉತ್ತರವನ್ನು ಒಪ್ಪಿಸಿದೆನು. ಅವನು ನಕ್ಕು, “ಗೊತ್ತೈತ್ರಿ ಗುರುಗಳ. ನೀವು ನಾಳೆ ಅಂದಿದ್ರಿ; ನಾನs ಹೋಗಿ ನೋಡಿಕೊಂಡು ಬಂದೆ” ಎಂದನು.